ಒಳಹರಿವು ಭರಪೂರ, ಹೊರಹರಿವು ಸೊನ್ನೆ

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಗೇಣು ಹೊಲ ಇಲ್ಲದವರೂ ಕಟ್ಟೆಗೆ ಕೂತು ಕೇಳುವ ಪ್ರಶ್ನೆ ಎರಡೇ: ಒಳಹರಿವು ಎಷ್ಟು, ಹೊರಹರಿವು ಎಷ್ಟು? ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಹಿಡಿಯುವ ನೀರು 123 ಟಿಎಂಸಿ, ಗೇಟು 26. ಇದು ನಮಗೆ ಮಗ್ಗಿಯಷ್ಟೇ ಬಾಯಿಪಾಠ. ಆದರೆ ಆ ಎರಡು ಶಬ್ದ ಇಂಡಿಯ ನಮ್ಮ ಪಡಸಾಲೆಗೇ ಬಂದು ವಸ್ತಿ ಹೂಡುತ್ತವೆ ಎಂದು ನಾನು ಎಣಿಸಿರಲಿಲ್ಲ. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮರುದಿನದಿಂದ ನನಗೆ ಈ-ಮೇಲ್ ಬರುತ್ತಿದ್ದವು. ನನ್ನಿಂದ ಒಂದೂ ಹೋಗುತ್ತಿರಲಿಲ್ಲ.

“ಬರ್ಲಾಕತ್ತಾವ, ಹೋಗ್ಲಾಕತ್ತಿಲ್ಲ” ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತಾಗ ನಮ್ಮಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: “ಇಷ್ಟು ವರ್ಷ ನಿಮ್ಮ ಕೈಯಾಗ ಇದ್ದು ಅದಕ್ಕೂ ನಿಮ್ಮ ಗುಣ ಬಂದದ ಬಿಡ್ರಿ. ಊಟಕ್ಕ ಅಂದ್ರ ಒಳಗ ಬರೂದು, ಸಂತಿಗೆ ಅಂದ್ರ ಹೊರಗ ಹೋಗಂಗಿಲ್ಲ.”

ಹೋಗಬೇಕಾಗಿದ್ದದ್ದು ಸಣ್ಣ ಪತ್ರವಲ್ಲ. ಬಸವನ ಬಾಗೇವಾಡಿಯಲ್ಲಿರುವ ನಮ್ಮಣ್ಣನ ಮಗ ಬಸುನ ಬಯೋಡಾಟಾ. ಹುಡುಗಿ ಸಿಂದಗಿಯಾಕಿ. ನಡುವೆ ನಿಂತು ಸಂಬಂಧ ಹಚ್ಚಿದವನು ಮುದ್ದೇಬಿಹಾಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನಮ್ಮಾಕಿಯ ತಮ್ಮ. ಹುಡುಗಿಯ ದೊಡ್ಡಪ್ಪ ನಿವೃತ್ತ ತಲಾಟಿ. ವಾಟ್ಸಾಪಿನಲ್ಲಿ ಬರುವುದು ಹಬ್ಬದ ಶುಭಾಶಯ, ಕಾಗದಪತ್ರ ಏನಿದ್ದರೂ ಈ-ಮೇಲಿನಲ್ಲೇ ಬರಬೇಕು ಎಂಬ ಮನುಷ್ಯ. ವರನೇ ತನ್ನ ಬಯೋಡಾಟಾ ತಾನೇ ಕಳಿಸಿದರೆ ಚಂದ ಕಾಣುವುದಿಲ್ಲ, ಹಿರಿಯರು ಕಳಿಸಬೇಕು. ಹಿರಿಯ ಅಂದರೆ ನಾನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು, ಅಪ್ಲಿಕೇಷನ್ನು ಬರೆಯುವುದರಲ್ಲಿ ಓಣಿಗೇ ಹೆಸರಾದವನು.

ಅಪ್‌ಗ್ರೇಡಿನ ಹುಚ್ಚು ಹತ್ತಿದ್ದೂ ನನಗೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದು ಪೇಪರಿನಲ್ಲಿ ಓದಿದ್ದೆ. ಬೆಂಬಲ ಇಲ್ಲದ ಬಾಳು ಹೇಗಿರುತ್ತದೆ ಎಂದು ಮನೆಯಲ್ಲಿ ಕಂಡವನು, ಕಂಪ್ಯೂಟರಿಗಾದರೂ ಆ ಗತಿ ಬೇಡ ಎಂದು ಶುಕ್ರವಾರ ಮುಂಜಾನೆ ಶುರು ಹಚ್ಚಿದೆ. ಶೇಕಡಾ 87ಕ್ಕೆ ಬಂದಾಗ ಪರದೆ ಕಪ್ಪಾಯಿತು. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರ ಇದೆ, ಆಲಮಟ್ಟಿಯಲ್ಲಿ ಇನ್ನೂ 290 ಮೆಗಾವ್ಯಾಟ್ ಹುಟ್ಟುತ್ತದೆ. ಆದರೆ ನಮ್ಮ ಪಡಸಾಲೆಯಲ್ಲಿ ಇರುವುದು ಒಂದೇ ಪ್ಲಗ್ಗು. ಶೇಂಗಾ ಹಿಂಡಿ ಮಾಡಲು ನಮ್ಮಾಕಿ ಕಂಪ್ಯೂಟರ್ ಕಿತ್ತು ಮಿಕ್ಸರ್ ಚುಚ್ಚಿದ್ದಳು. ಇನ್ನೊಂದು ಪ್ಲಗ್ಗು ಹಾಕಿಸುತ್ತೇನೆಂದು ನಾನು ಮಾತು ಕೊಟ್ಟು ಆರು ವರ್ಷವಾಗಿದ್ದರಿಂದ ಬಾಯಿ ತೆರೆಯುವಂತಿರಲಿಲ್ಲ. ಹಿಂಡಿ ಮಾತ್ರ ಚಲೋ ಆಗಿತ್ತು.

ಎರಡನೇ ಯತ್ನಕ್ಕೆ ಹೊಸ ಸಿಸ್ಟಂ ಬಂದು ಕೂತಿತು. ಈ-ಮೇಲಿನ ಖಾತೆ ಮತ್ತೆ ಜೋಡಿಸಬೇಕಾಯಿತು. ಒಳಬರುವ ದಾರಿಯನ್ನು ಕಂಪ್ಯೂಟರ್ ತಾನೇ ಹುಡುಕಿತು, ಮೊಬೈಲಿಗೊಂದು ಒಟಿಪಿ ಕಳಿಸಿ ನನ್ನ ಒಪ್ಪಿಗೆ ತಗೊಂಡು ಕೆಲಸ ಮುಗಿಸಿತು. ಹೊರಹೋಗುವ ದಾರಿಯನ್ನೂ ಹೀಗೇ ಹುಡುಕಲೇ ಎಂದು ಕೇಳಿತು. ಆಗ ನನ್ನೊಳಗಿನ ಮಾಸ್ತರ ಎದ್ದು ನಿಂತ. ಎಲ್ಲವನ್ನೂ ಅದೇ ಮಾಡಿದರೆ ನಾನೇಕೆ? ‘ಕೈಯಾರೆ ತುಂಬಿ’ ಎಂಬ ಗುಂಡಿ ಒತ್ತಿ, ಟ್ರಂಕಿನಿಂದ 2009ರ ಡೈರಿ ಹೊರತೆಗೆದೆ. ಒಂದು ಪುಟದಲ್ಲಿ ಹಾಲಿನ ಲೆಕ್ಕ, ಅದರ ಬೆನ್ನಿಗೆ ನನ್ನ ಕೈಬರಹದಲ್ಲಿ ಈ-ಮೇಲಿನ ಜಾತಕ. ‘ಹೊರಹೋಗುವ ಪೋರ್ಟ್ — 25. ಪಾಸ್‌ವರ್ಡ್ — ಬೇಕಿಲ್ಲ.’ ಹಾಗೇ ತುಂಬಿದೆ. ಹದಿನಾರು ವರ್ಷದ ಹಿಂದಿನ ಚೀಟಿ ಜತನ ಮಾಡಿಟ್ಟ ಹೆಮ್ಮೆ ಬೇರೆ.

ಮರುದಿನ ಮುಂಜಾನೆ ಹತ್ತೂ ಇಪ್ಪತ್ತಕ್ಕೆ ಮೊದಲನೇ ಸಲ ಕಳಿಸಿದೆ. ‘ಕಳಿಸಲಾಗಲಿಲ್ಲ’ ಅಂತು. ಬಯೋಡಾಟಾ ಹಳಸಿರಬಹುದೆಂದು ಒಂದೆರಡು ಕಡೆ ತಿದ್ದಿ, ಹೊಸ ಪತ್ರ ಬರೆದು ಮತ್ತೆ ಒತ್ತಿದೆ. ಆಗಲಿಲ್ಲ. ಸುಮ್ಮನೆ ಕೂರುವ ಜಾತಿ ನನ್ನದಲ್ಲ, ಕೈಯಲ್ಲಿ ಕಾಗದ ಇದ್ದರೆ ತಿದ್ದದೆ ಬಿಡುವ ಜಾತಿಯಂತೂ ಅಲ್ಲವೇ ಅಲ್ಲ. ಸಂಜೆಯೊಳಗೆ ಹನ್ನೊಂದು ಸಲ ತಿದ್ದಿದೆ, ಹನ್ನೊಂದು ಸಲ ಒತ್ತಿದೆ. ಬಿಜಾಪುರದ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಅನ್ನುತ್ತಾರೆ. ಏಳಕ್ಕಾದರೂ ಅದು ಬಾಯಿ ಮುಚ್ಚುತ್ತದಲ್ಲ.

ನಡುವೆ ಸಲಹೆಗಳು. ನಮ್ಮವ್ವ ಹೊರಸಿನ ಮೇಲಿಂದಲೇ ಕೇಳಿದಳು: “ತಮ್ಮಾ, ಸಿಂದಗಿಗೆ ಒಂದು ಹಾಳಿ ಮುಟ್ಟಸೂದಕ್ಕ ಇಷ್ಟ್ಯಾಕ ಒದ್ದಾಡ್ತಿ? ಬಸ್ಸಿನ ಡ್ರೈವರನ ಕೈಯಾಗ ಕೊಡು. ನೀ ಕಾಲೇಜಿನಾಗ ಇದ್ದಾಗ ನಿನ್ನ ರೊಟ್ಟಿ ಬುತ್ತಿ ಒಂದಿನಾ ತಪ್ಪಿದ್ದಿಲ್ಲ.” ಅವ್ವನ ಮಾತನ್ನು ನಕ್ಕು ತಳ್ಳಿಹಾಕಿದೆ. ನಮ್ಮಾಕಿ ಕಂಪ್ಯೂಟರಿನ ತಲೆಯ ಮೇಲೆ ಒಂದು ಲಿಂಬಿಹಣ್ಣು ಇಟ್ಟಳು. ಇಂಡಿ ಲಿಂಬೆಗೆ ಭೌಗೋಳಿಕ ಮಾನ್ಯತೆಯ ಜಿಐ ಟ್ಯಾಗು ಸಿಕ್ಕಿದೆ ನಿಜ, ಆದರೆ ಈ ಉಪಯೋಗ ಆ ಅರ್ಜಿಯಲ್ಲಿ ಇರಲಿಕ್ಕಿಲ್ಲ.

ಮುದ್ದೇಬಿಹಾಳದಲ್ಲಿರುವ ನಮ್ಮಾಕಿಯ ತಮ್ಮನಿಗೆ ಫೋನ್ ಹಚ್ಚಿದೆ. “ಮಾಮಾರ, ಬಂದ್ ಮಾಡಿ ಚಾಲೂ ಮಾಡೀರೇನ್ರಿ?” ಮಾಡಿದ್ದೆ. “ಆ್ಯಂಟಿವೈರಸ್ ಬಂದ್ ಮಾಡ್ರಿ.” ಮಾಡಿದೆ. “ಮತ್ತ ಚಾಲೂ ಮಾಡ್ರಿ.” ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತೀರ್ಪು ಕೊಟ್ಟ: “ಸರ್ವರ್ ಡೌನ್ ಐತ್ರಿ.” ಈಗ ನಮ್ಮ ಕಡೆ ಹಸುಗೂಸೂ ಅರಿತ ಮಾತಿದು. ಮೊದಲು ‘ಸಾಹೇಬರು ಇಲ್ಲ, ನಾಳೆ ಬರ್ರಿ’ ಎನ್ನುತ್ತಿದ್ದ ಕಡೆಗಳಲ್ಲೆಲ್ಲ ಈಗ ‘ಸರ್ವರ್ ಡೌನ್’ ಅನ್ನುತ್ತಾರೆ. ಸಾಹೇಬರಾದರೆ ಚಹಾದ ಅಂಗಡಿಯಲ್ಲಾದರೂ ಸಿಗುತ್ತಿದ್ದರು.

ಕೊನೆಗೆ ಮಾನ ಬಿಟ್ಟು ಮದುಮಗನಿಗೇ ಫೋನ್ ಮಾಡಿದೆ. ಬಸು ಎರಡೇ ಪ್ರಶ್ನೆ ಕೇಳಿದ. “ಕಾಕಾ, ಹೊರಗ ಹೋಗೂ ಪೋರ್ಟ್ ಎಷ್ಟು ಹಾಕೀರಿ?” ಇಪ್ಪತ್ತೈದು ಅಂದೆ. “ಯಾರು ಹೇಳಿದ್ರು?” ಡೈರಿ ಅಂದೆ. ಆ ಕಡೆಯಿಂದ ಬಂದದ್ದು ನಗುವೋ ಕೆಮ್ಮೋ ಗೊತ್ತಾಗಲಿಲ್ಲ.

ಅವನು ವಿವರಿಸಿದ ಮೇಲೆ ನನಗೆ ತಿಳಿದದ್ದಿಷ್ಟು. ಈ-ಮೇಲ್ ಬರುವ ಬಾಗಿಲು ಬೇರೆ, ಹೋಗುವ ಬಾಗಿಲು ಬೇರೆ. ಎರಡಕ್ಕೂ ಕೀಲಿ ಬೇರೆ. ಹೋಗುವ ಬಾಗಿಲ ಕಾನೂನನ್ನು ಅಮೆರಿಕದ ಜಾನ್ ಪೋಸ್ಟೆಲ್ ಎಂಬವರು 1982ರಲ್ಲಿ ಬರೆದರು. ಹೆಸರು ಎಸ್‌ಎಂಟಿಪಿ, ಅದರ ಮೊದಲ ಅಕ್ಷರದ ಅರ್ಥ ‘ಸಿಂಪಲ್’ ಅಂತೆ. ಆ ಕಾಲಕ್ಕೆ ಆ ಬಾಗಿಲಲ್ಲಿ ನೀನು ಯಾರೆಂದು ಕೇಳುವವರೇ ಇರಲಿಲ್ಲ. ಓಣಿಯ ಕೆಂಪು ಅಂಚೆ ಡಬ್ಬಿ ಇದ್ದಹಾಗೆ, ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದಿತ್ತು. ಹಾಕಿದರು ಕೂಡ. ಲಾಟರಿ ಹೊಡೆದಿದೆ, ಅತ್ತೆಯ ಆಸ್ತಿ ಬಂದಿದೆ ಎಂಬ ಕಸವೆಲ್ಲ ಸುರಿದಾಗ ಇಂಟರ್‌ನೆಟ್ ಕೊಡುವವರು ಮನೆಗಳಿಂದ 25ರ ಬಾಗಿಲಿಗೆ ಹೋಗುವ ದಾರಿಗೆ ಮುಳ್ಳುಬೇಲಿ ಹಚ್ಚತೊಡಗಿದರು. ಮನೆಮಂದಿಯ ಪತ್ರಕ್ಕೆಂದೇ 1998ರಲ್ಲಿ 587 ನಂಬರಿನ ಹೊಸ ಬಾಗಿಲು ಗೊತ್ತಾಯಿತು. ಅಲ್ಲಿ ಗುರುತು ತೋರಿಸಬೇಕು, ಗುಟ್ಟಿನ ಪದ ಹೇಳಬೇಕು, ಪತ್ರಕ್ಕೆ ಮುಸುಕು ಹಾಕಬೇಕು.

“ನಮ್ಮ ಇಂಡಿ ರೋಡ್ ಸ್ಟೇಷನ್ ಇದ್ದಂಗ ಅನ್ನು” ಅಂದೆ. ಊರು ಒಂದು ಕಡೆ, ರೈಲು ನಿಲ್ಲುವುದು ಇನ್ನೊಂದು ಕಡೆ. “ಹೌದ್ರಿ ಕಾಕಾ. ನಮ್ಮ ಬಸವನ ಬಾಗೇವಾಡಿ ರೋಡೂ ಹಂಗ ಐತಿ, ತೆಲಗಿಗೆ ಹೋಗಿ ಹತ್ತಬೇಕು. ನೀವು ಊರ ಬಸ್‌ಸ್ಟ್ಯಾಂಡಿನಾಗ ನಿಂತು ರೈಲಿಗೆ ಕೈ ಮಾಡ್ಲಾಕತ್ತೀರಿ.”

587 ಹಾಕಿದೆ. ಇನ್ನು ಗುಟ್ಟಿನ ಪದ. ಹೀಗೆ ಹಳೇ ಪದ್ಧತಿಯಲ್ಲಿ ಕೈಯಾರೆ ಜೋಡಿಸುವ ಮೊಂಡರಿಗಾಗಿ ಮೇಲ್ ಕಂಪನಿಯವರು ಬೇರೆಯೇ ಒಂದು ಪಾಸ್‌ವರ್ಡ್ ಕೊಡುತ್ತಾರೆ, ಹದಿನಾರು ಅಕ್ಷರದ್ದು. ನಾಲ್ಕು ನಾಲ್ಕರ ನಾಲ್ಕು ಗುಂಪು, ಒಂದಕ್ಕೊಂದು ಅರ್ಥ ಇಲ್ಲ, ಸಂಬಂಧ ಇಲ್ಲ. ನನ್ನ ಒಟಿಪಿ ಕೇಳಿಕೊಂಡು ಬಸು ಅಲ್ಲಿಂದಲೇ ಅದನ್ನು ತೆಗೆದ. “ವಾಟ್ಸಾಪ್ ಮಾಡ್ಲೇನ್ರಿ?” ಅಂದ. ನಾನು ಗದರಿದೆ. “ಗುಟ್ಟಿನ ಪದ ಬರೆದು ಕಳಸ್ತಾರೇನೋ? ಬಾಯಿಲೆ ಹೇಳು.”

ಲೈನು ಗೊರಗೊರ ಅನ್ನುತ್ತಿತ್ತು. ಬಿ ಅಂದರೆ ಡಿ ಕೇಳುತ್ತಿತ್ತು, ಡಿ ಅಂದರೆ ಟಿ. ಆ್ಯಪಲ್, ಬಾಲ್ ನಮಗೆ ಒಗ್ಗುವುದಿಲ್ಲ ಎಂದು ಊರುಗಳ ಹೆಸರಿಗೆ ಇಳಿದೆವು.

“ಐ, ಇಂಡಿ. ಎಲ್, ಲಚ್ಯಾಣ. ಝಡ್, ಝಳಕಿ. ಎಚ್, ಹೊರ್ತಿ.”

ಮೊದಲ ಗುಂಪು ನಮ್ಮ ಸೀಮೆಯಲ್ಲೇ ಮುಗಿಯಿತೆಂದು ಎದೆ ಉಬ್ಬಿತು.

“ಎಂ, ಮುದ್ದೇಬಿಹಾಳ. ಎನ್, ನಾಲತವಾಡ. ಟಿ, ತಾಳಿಕೋಟಿ. ಡಿ, ದೇವರ ಹಿಪ್ಪರಗಿ.”

ನಾವು ಬರೀ ಹಿಪ್ಪರಗಿ ಅನ್ನುವವರು. ಎಚ್ ಒತ್ತಿದೆ. ಅಳಿಸಿ ಡಿ ಒತ್ತಿದೆ.

“ಎಸ್, ಸಿಂದಗಿ. ಬಿ, ಬಸವನ ಬಾಗೇವಾಡಿ.” ಇದೊಂದು ಊರು ನಂಬಿಗಸ್ತ, ಯಾವ ಕಡೆಯಿಂದ ಹಿಡಿದರೂ ಬಿ. “ಕ್ಯೂ...” ಕ್ಯೂಗೆ ಜಿಲ್ಲೆಯಲ್ಲಿ ಊರಿಲ್ಲ. “ರೇಷನ್ ಅಂಗಡಿ ಮುಂದ ನಿಲ್ತಾರಲ್ರಿ ಕಾಕಾ, ಅದು. ಮುಂದ ಡಬ್ಲ್ಯು. ಅದು ಕಾಕಿ, ನಿಮ್ಮ ವೈಫ್.” ಒಲೆಯ ಕಡೆಯಿಂದ “ನಂದೇನ ಅಲ್ಲಿ?” ಅಂತ ದನಿ ಬಂತು.

“ಕಡೀ ಗುಂಪು. ಕೆ, ಕೊಲ್ಹಾರ. ಸಿ, ಚಡಚಣ. ಎ, ಆಲಮೇಲ. ಇನ್ನೊಂದು, ನಮ್ಮ ಜಿಲ್ಲಾದ ಮೊದಲನೇ ಅಕ್ಷರ.”

ಒತ್ತಿದೆ. ‘ಪಾಸ್‌ವರ್ಡ್ ತಪ್ಪು.’ ಮತ್ತೆ ಇಂಡಿಯಿಂದ ಹೊರಟೆವು. ಲಚ್ಯಾಣ, ಝಳಕಿ, ಹೊರ್ತಿ. ತಪ್ಪು. ಮೂರನೇ ಸಲ ನಾನು ಒಂದೊಂದು ಊರನ್ನೂ ಬಸ್ಸಿನ ಕಂಡಕ್ಟರನ ಹಾಗೆ ಕೂಗಿ ಕೂಗಿ ಹೇಳಿ ಒತ್ತಿದೆ. ತಪ್ಪು. ಆಗ ಎದುರು ಮನೆಯ ಕಟ್ಟೆಯಿಂದ ಐದನೇ ಇಯತ್ತೆಯ ಹುಡುಗನ ದನಿ ಬಂತು: “ಅಜ್ಜಾ, ಕಡೀಕ ಬಿ ಒತ್ತೀರೇನು? ಬಿಜಾಪುರ ಅಲ್ರಿ, ವಿಜಯಪುರ! 2014ರ ನವೆಂಬರ್ 1ಕ್ಕ ಹೆಸರು ಬದಲಾಗ್ಯಾದ.”

ಗುಟ್ಟಿನ ಪದ ಓಣಿಗೆಲ್ಲ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ವಿ ಒತ್ತಿದೆ. ಕಂಪ್ಯೂಟರು ‘ಹುಂ’ ಅನ್ನುವ ಹಾಗೆ ಒಂದು ದನಿ ಮಾಡಿತು. ಔಟ್‌ಬಾಕ್ಸಿನಲ್ಲಿ ಮುಂಜಾನೆಯಿಂದ ಕೊಳೆಯುತ್ತಿದ್ದ ಹನ್ನೊಂದೂ ಪತ್ರಗಳು ಒಂದರ ಹಿಂದೊಂದು ಮಾಯವಾದವು. 26 ಗೇಟೂ ಒಮ್ಮೆಲೇ ತೆಗೆದ ಆಲಮಟ್ಟಿಯನ್ನು ನೋಡುವ ಖುಷಿಯಲ್ಲಿ ನೋಡಿದೆ. ಕೆಳಗಿನ ಊರಿನವರ ನೆನಪು ಆ ಹೊತ್ತಿನಲ್ಲಿ ಯಾರಿಗೂ ಆಗುವುದಿಲ್ಲ. ನಮ್ಮಾಕಿ ಲಿಂಬಿಹಣ್ಣು ಎತ್ತಿಕೊಂಡು, ತನ್ನಿಂದಲೇ ಆಯಿತೆಂಬ ಮುಖ ಮಾಡಿ, ಅದನ್ನೇ ಹಿಂಡಿ ಎಲ್ಲರಿಗೂ ಪಾನಕ ಕೊಟ್ಟಳು.

ಮರುದಿನ ಮುಂಜಾನೆ ಸಿಂದಗಿಯಿಂದ ಫೋನು.

“ಮಾಸ್ತರ್ರ, ನಿಮ್ಮ ಹುಡುಗನ ಬಯೋಡಾಟಾ ಬಂದಾವ್ರಿ.” ‘ಬಂದಾವ’ ಎಂಬ ಬಹುವಚನ ಕಿವಿಗೆ ಚುಚ್ಚಿತು. “ಹನ್ನೊಂದೂ ಪ್ರಿಂಟ್ ತಗಸೀನಿ. ಹೊತ್ತಿನ ಪ್ರಕಾರ ಜೋಡಿಸಿ ಇಟ್ಟೀನಿ.”

ಪತ್ರ ಯಾವಾಗ ಹೋದರೂ ಬರೆದ ಹೊತ್ತು ಅದರ ನೆತ್ತಿಯ ಮೇಲೆ ಉಳಿದುಕೊಂಡೇ ಹೋಗುತ್ತದೆ ಎಂಬುದು ನನಗೆ ಆಗ ತಿಳಿಯಿತು.

“ಹತ್ತೂ ಇಪ್ಪತ್ತಕ್ಕ ಹುಡುಗಗ ನಾಕು ಎಕರೆ ಒಣಭೂಮಿ ಅದ. ಹನ್ನೆರಡಕ್ಕ ಆರು ಎಕರೆ ಆಗ್ಯಾದ. ಊಟ ಆದಮ್ಯಾಲ ಬೋರು ಹಾಕಸೀರಿ, ನೀರು ಬಿದ್ದದ. ಮೂರೂವರಿಗೆ ಲಿಂಬಿ ಗಿಡ ಹಚ್ಚೀರಿ, ನಾಕಕ್ಕ ಫಲ ಬಂದಾವ. ಸಂಜಿ ಆರಕ್ಕ ನೋಡಿದ್ರ ಹನ್ನೆರಡು ಎಕರೆ ನೀರಾವರಿ. ಹುಡುಗನೂ ಮುಂಜಾನಿಗಿಂತ ಮೂರು ಇಂಚು ಎತ್ತರ ಆಗ್ಯಾನ. ಮೂವತ್ತಾರು ವರ್ಷ ತಲಾಟಿಕಿ ಮಾಡೀನ್ರಿ ಮಾಸ್ತರ್ರ, ಒಂದ ದಿನದಾಗ ಇಷ್ಟು ಬೆಳೆದ ಖಾತೆ ನಾ ನೋಡಿದ್ದಿಲ್ಲ.”

ನನ್ನ ಗಂಟಲೂ 25ನೇ ಪೋರ್ಟಾಗಿತ್ತು. ಒಂದು ಮಾತೂ ಹೊರಗೆ ಹೋಗಲಿಲ್ಲ.

“ಹೊಲದ ಉತಾರಿ ಕಳಸ್ರಿ, ನೋಡೂಣು” ಅಂದರು. “ಕಳಸ್ರಿ, ಆದ್ರ ಈ-ಮೇಲ್ ಬ್ಯಾಡ್ರಿ. ಬಸ್ಸಿನ ಡ್ರೈವರನ ಕೈಯಾಗ ಕೊಟ್ಟು ಕಳಸ್ರಿ.”

ಫೋನಿನ ದನಿ ಪಡಸಾಲೆಗೆಲ್ಲ ಕೇಳಿಸಿತ್ತು. ಹೊರಸಿನ ಮೇಲೆ ನಮ್ಮವ್ವ ಎದ್ದು ಕೂತು ಬುತ್ತಿಯ ಅರಿವೆ ಹುಡುಕತೊಡಗಿದಳು.