ಜೋಡೆತ್ತಿಗ ಲಕ್ಷಣ

ರಾಷ್ಟ್ರಪತಿ ಚುನಾವಣೆಯಲ್ಲಿ ಧಾರವಾಡದ ಕೆಲಗೇರಿಯ ಮತದಾರನಿಗೆ ಮತವಿಲ್ಲ. ಅದನ್ನು ಹಾಕುವವರು ಶಾಸಕರು, ಸಂಸದರು. ಇಲ್ಲದ ಮತದ ಮೇಲೆ ಇರುವ ಅಭಿಮತವೇ ಈ ಶಾಸ್ತ್ರದ ವಿಷಯ. ಕಾಲ, 1969. ದೇಶ, ಕೆರೆದಂಡೆಯಿಂದ ಊರ ಕಟ್ಟೆಯವರೆಗೆ. ಅಧಿಕಾರಿ, ಹಿಂದಿನದನ್ನು ಬಿಡಲೊಲ್ಲದವನು. ಪ್ರಯೋಜನ, ಸಂಜೆ ಹೊತ್ತು ಹೋಗುವುದು.

ಮೊದಲ ಜಾತಿ ಜೋಡೆತ್ತಿಗ. ಇವನಿಗೆ ಕಾಂಗ್ರೆಸ್ಸೆಂದರೆ ನೊಗ ಹೊತ್ತ ಎರಡೆತ್ತು. ಕಾರಹುಣ್ಣಿವೆಗೆ ಕೊಂಬಿಗೆ ಬಣ್ಣ ಬಳಿದ ಕೈಯೇ ಮತಪತ್ರದ ಎತ್ತಿನ ಮೇಲೂ ಮುದ್ರೆ ಒತ್ತುತ್ತಿತ್ತು. ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ, ನಮ್ಮವರೇ. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಹಿರಿಯರು ನೀಲಂ ಸಂಜೀವ ರೆಡ್ಡಿಯವರ ಹೆಸರು ಗೊತ್ತುಮಾಡಿದರು. ಇಂದಿರಾ ಗಾಂಧಿ ನಾಮಪತ್ರಕ್ಕೆ ಸಹಿಯನ್ನೂ ಹಾಕಿದರು. ಅತ್ತ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು, ಆಮೇಲೆ ಇಂದಿರಾ ಕಡೆಯಿಂದಲೇ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂಬ ಕರೆ ಬಂತು. ಜೋಡೆತ್ತಿಗನ ನ್ಯಾಯಸೂತ್ರ ಹೀಗಿದೆ: “ವೀಳ್ಯಾ ಇಸ್ಕೊಂಡ ಮ್ಯಾಲೆ ಬ್ಯಾರೆ ವರ ನೋಡೂದಂದ್ರ ಏನ್ರೀ?” ಆತ್ಮಸಾಕ್ಷಿಯೆಂಬುದು ಇವನ ಮತದಲ್ಲಿ ತಲೆಗೊಂದು ಇರುವ ಪದಾರ್ಥವಲ್ಲ. ಮನೆಗೊಂದು, ತಿಜೋರಿ ಕೀಲಿಯ ಹಾಗೆ ಹಿರಿಯರ ಉಡಿದಾರದಲ್ಲಿ ಇರುತ್ತದೆ.

ಈ ಜಾತಿಗೊಂದು ಶಬ್ದಭ್ರಾಂತಿಯೂ ಉಂಟು. ಹಳೆಯ ಹಿರಿಯರ ಬಣಕ್ಕೆ ಸಿಂಡಿಕೇಟ್, ಇಂದಿರಾ ಬಣಕ್ಕೆ ಇಂಡಿಕೇಟ್ ಎಂದು ಹೆಸರು ಬಿದ್ದಿತ್ತು. ಆದರೆ ಜುಲೈ 19ರಂದು ಸರ್ಕಾರದ ಪಾಲಾದ 14 ಬ್ಯಾಂಕುಗಳಲ್ಲಿ ಮಣಿಪಾಲದ ಸಿಂಡಿಕೇಟ್ ಬ್ಯಾಂಕೂ ಒಂದು. ಹಾಗಿದ್ದರೆ ಸಿಂಡಿಕೇಟು ಆಗಲೇ ಇಂದಿರಮ್ಮನ ಕೈಸೇರಿಲ್ಲವೇ, ಇನ್ನು ಜಗಳ ಯಾರ ಸಂಗಡ? ಪಂಡಿತರು ನಗಬಹುದು, ನನಗೆ ಈ ಸಂದೇಹದಲ್ಲಿ ತುಸು ಹುರುಳು ಕಾಣುತ್ತದೆ.

ಎರಡನೆಯದು ದೇಶಮುಖೀಯ. ವಿರಳ ಜಾತಿ, ಯೂನಿವರ್ಸಿಟಿ ಗುಡ್ಡದ ಕಡೆ ಕಾಣಸಿಗುತ್ತದೆ. ಜನಸಂಘ, ಸ್ವತಂತ್ರ ಪಕ್ಷಗಳು ಬೆಂಬಲಿಸಿದ ಸಿ.ಡಿ. ದೇಶಮುಖರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್. ಇವನಿಗೆ ಅಷ್ಟು ಸಾಕು. ಗೆಲ್ಲುವ ಆಸೆಯೇ ಇಲ್ಲದ್ದರಿಂದ ಸೋತ ದುಃಖವೂ ಇಲ್ಲ. ಎರಡನೇ ಪ್ರಾಶಸ್ತ್ಯದ ಮತ ಕೇಳುತ್ತ ನಿಜಲಿಂಗಪ್ಪನವರು ಈ ಪಕ್ಷಗಳ ಬಾಗಿಲಿಗೆ ಬಂದಾಗ ಮಾತ್ರ ಮೀಸೆಯಡಿ ನಕ್ಕ. ಆತ್ಮಸಾಕ್ಷಿಯ ಕರೆಗೆ ಇಂದಿರಾ ಆ ಭೇಟಿಯನ್ನೇ ನೆಪವಾಗಿ ಹಿಡಿದುಕೊಂಡರು. ಆಗಸ್ಟ್ 20ರ ಎಣಿಕೆಯಲ್ಲಿ ಎರಡನೇ ಪ್ರಾಶಸ್ತ್ಯವೂ ಸೇರಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427.

ಮೂರನೆಯ ಜಾತಿಯವನು “ಯಾರರ ಆಗವಲ್ರ್ಯಾಕ, ಮಳಿ ಆಗ್ಲಿ” ಎಂದವನು. ಇವನನ್ನು ವಿವರಿಸಿದರೆ ಗ್ರಂಥ ಬೆಳೆಯುತ್ತದೆ.

ಇನ್ನು ಉತ್ತರಕಾಂಡ. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದರು, ಮನೆ ಎರಡಾಯಿತು. 1971ರ ಲೋಕಸಭೆ ಚುನಾವಣೆಗೆ ಜೋಡೆತ್ತು ಯಾರಿಗೂ ಸಿಗಲಿಲ್ಲ. ನಿಜಲಿಂಗಪ್ಪನವರ ಪಾಲಿಗೆ ಚರಕ ನೂಲುವ ಹೆಂಗಸು, ಇಂದಿರಾ ಪಾಲಿಗೆ ಆಕಳು-ಕರು. ಮೈಸೂರು ರಾಜ್ಯದ 27 ಸ್ಥಾನಗಳೂ ಆಕಳಿಗೇ ಹೋದವು. ಇಲ್ಲಿ ಸರೋಜಿನಿ ಮಹಿಷಿ ಗೆದ್ದರು. ಶಾಸ್ತ್ರಕಾರನಿಗೆ ಸಂಕಟ ಬಂದದ್ದು ಇಲ್ಲಿ. ಎರಡು ವರ್ಷ ಇಂದಿರಾ ಅವರನ್ನು ಬೈದ ಜೋಡೆತ್ತಿಗ ಮುದ್ರೆ ಒತ್ತಿದ್ದೆಲ್ಲಿ? ಕೇಳಿದರೆ ಸಿಟ್ಟಿಗೇಳುತ್ತಾನೆ: “ನಾ ಏನ್ ಬದ್ಲಿ ಆಗೀನಿ? ಎತ್ತ ಇಲ್ಲಂದ್ರು, ಎತ್ತಿನ ಅವ್ವಗ ಹಾಕಿದ್ನಿ.” ವಂಶವೃಕ್ಷ ಹಿಡಿದು ಮೇಲೆ ಹೋದವನನ್ನು ಪಕ್ಷಾಂತರಿ ಎನ್ನಲು ಯಾವ ಸೂತ್ರವೂ ಒಪ್ಪದು.

1977ರಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಜಮಖಂಡಿ ಕಡೆಯ ಬಿ.ಡಿ. ಜತ್ತಿ. ಜುಲೈ 25ರಂದು ಅವರ ನಂತರ ಆ ಕುರ್ಚಿಗೆ ಬಂದವರು, ಈ ಸಲ ಅವಿರೋಧವಾಗಿ, ಅದೇ ಸಂಜೀವ ರೆಡ್ಡಿ. ಅಂದು ಸಂಜೆ ಜೋಡೆತ್ತಿಗ ಕಟ್ಟೆಯ ಮೇಲೆ ತುಟಿ ಬಿಚ್ಚಲಿಲ್ಲ. ಎಲಿ ಅಡಕಿ ಚೀಲ ಬಿಚ್ಚಿ, ದೇಶಮುಖೀಯನಿಂದ ಹಿಡಿದು ಎಲ್ಲರಿಗೂ ತಾನೇ ವೀಳ್ಯ ಮಡಿಸಿ ಕೊಟ್ಟ.