ಹುಣಸೆಬೀಜದ ದಿವಾಳಿ

ಎಲೆಯಾಟ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆಗಳ ಆಟ ಕಟ್ಟಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಸಿಟ್ಟವರು. ಅಂಥ ಊರಿನ ಸರಸ್ವತಿಪುರಂನಲ್ಲಿ ಕೂತು, ಬರೀ ಐವತ್ತೆರಡು ಎಲೆಯಲ್ಲಿ ನಾನು ಅತ್ತೆಯವರ ಕೈಲಿ ವಾರವಾರವೂ ಸೋಲುತ್ತಿದ್ದೇನೆ.

ಆಟ ಪೋಕರ್, ಕಲಿಸಿದವನು ಭಾವಮೈದ, ಪಣಕ್ಕೆ ಹುಣಸೆಬೀಜ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು ನಿಷೇಧ ಹಾಕಿದ್ದು 2025ರ ಆಗಸ್ಟಿನಲ್ಲಿ. ನಮ್ಮ ಮನೆಯಲ್ಲಿ ಆ ಕಾಯ್ದೆ ಆನ್‌ಲೈನು ಹುಟ್ಟುವ ಮುಂಚೆಯೇ ಜಾರಿಯಾಗಿದೆ. ಆರು ಜನ ಚಾಪೆ ಮೇಲೆ ಕೂರುತ್ತೇವೆ, ಎಲ್ಲರ ಬೀಜ ಬಾಚಿಕೊಂಡವರು ಗೆದ್ದಂತೆ. ನನ್ನ ಸೋಲಿಗೆ ಅತ್ತೆಯವರು ಒಂಟಿಕೊಪ್ಪಲ್ ಪಂಚಾಂಗ ತೆಗೆದು ಕಾರಣ ತೋರಿಸುತ್ತಾರೆ: "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಅಲ್ವೇ ಅಳಿಯಂದಿರೇ." ಎಂಥ ರಾಹುವೋ! ಅದೇ ಚಾಪೆ, ಅದೇ ಹೊತ್ತು, ಅವರನ್ನು ಮಾತ್ರ ಮುಟ್ಟುವುದಿಲ್ಲ.

ನಾನು ಗಣಿತದ ಮೊರೆಹೋದೆ. ಹಾಲಿನ ಲೆಕ್ಕದ ಚೀಟಿ ಮಗುಚಿ ಬರೆದೆ. ಆರರಲ್ಲಿ ಗೆಲ್ಲುವವರು ಒಬ್ಬರಾದರೆ ನಾನು ಸೋಲುವ ಸಂಭವ ಆರಕ್ಕೆ ಐದು. ಅದನ್ನು ಅದರಿಂದಲೇ ಗುಣಿಸುತ್ತಾ ಹೋದರೆ, ಸತತ ಹತ್ತು ಆಟ ಮಣ್ಣುಮುಕ್ಕುವ ಸಂಭವ ನೂರಕ್ಕೆ 16. ನೂರು ಆಟ ಆಡುವವನಿಗಂತೂ ಎಲ್ಲೋ ಒಂದು ಕಡೆ ಇಂಥ ಹತ್ತು ಸೋಲಿನ ಸಾಲು ಬರುವುದು ಬಹುತೇಕ ಖಚಿತ. ನೂರರಲ್ಲಿ ಹದಿನೈದು ಮಂದಿಗಷ್ಟೇ ದುಡ್ಡು ಸಿಗುವ ಟೂರ್ನಮೆಂಟಿನಲ್ಲಿ ಸಾಧಾರಣ ಆಟಗಾರ ಸತತ ಇಪ್ಪತ್ತು ಸಲ ಬರಿಗೈಲಿ ಎದ್ದುಬರುವ ಸಂಭವವೂ ನೂರಕ್ಕೆ ಸುಮಾರು 4 ಇದೆ. ನಾನು ಸೋತಿಲ್ಲ, ಸಂಭವಿಸಿದ್ದೇನೆ ಅಷ್ಟೇ! ಚೀಟಿಯನ್ನು ಹೆಂಡತಿಯ ಮುಂದೆ ಹಿಡಿದೆ.

ಅವಳು ಮೊದಲ ಸಾಲಿನಲ್ಲೇ ನಿಂತಳು. "ರೀ, ಆರೂ ಜನ ಒಂದೇ ಸಮ ಅಂತ ಯಾರು ಹೇಳಿದ್ದು ನಿಮಗೆ? ಜೋಡಿ ಎಕ್ಕ ಬಂತೋ, ನಿಮ್ಮ ಎಡಗಾಲ ಹೆಬ್ಬೆರಳು ಕುಣಿಯೋಕೆ ಶುರು. ಅಮ್ಮ ಅವರ ಎಲೆ ಎಲ್ಲಿ ನೋಡ್ತಾರೆ? ನಿಮ್ಮ ಕಾಲು ನೋಡ್ತಾರೆ."

ಮುಂದಿನ ಭಾನುವಾರ ಕಾಲುಚೀಲ ಹಾಕಿಕೊಂಡು ಕೂತೆ. ಎರಡು ರಾಜ ಬಂದವು. ಮುಖ ಬಿಗಿಹಿಡಿದು ಒಂದು ಹಿಡಿ ಬೀಜ ಮುಂದೆ ತಳ್ಳಿದೆ. ಅತ್ತೆಯವರು ಕನ್ನಡಕದ ಮೇಲಿಂದ ಒಮ್ಮೆ ನನ್ನ ಪಾದ ನೋಡಿ, ಎಲೆ ಕೆಳಗಿಟ್ಟು, "ನಾನು ಬಿಟ್ಟೆನಪ್ಪ" ಎಂದರು. ಬೆರಳು ಕಾಲುಚೀಲದೊಳಗೂ ಕುಣಿಯುತ್ತಿತ್ತಂತೆ.

ಗಣಿತ ಕೈಕೊಟ್ಟರೆ ಮಹಾಭಾರತವಿದೆಯಲ್ಲ. "ನಳ ಮಹಾರಾಜನೂ ಪುಷ್ಕರನ ಕೈಲಿ ಸಾಲಾಗಿ ಸೋತವನೇ ಕಣೇ. ತಾರೆಮರದ ಎಲೆ, ಕಾಯಿ ಎಲ್ಲ ಒಂದೇ ನೋಟಕ್ಕೆ ಲೆಕ್ಕಹಾಕಿದ ಋತುಪರ್ಣ ಅಕ್ಷಹೃದಯ ಹೇಳಿಕೊಟ್ಟ ಮೇಲಲ್ಲವೇ ಗೆದ್ದದ್ದು?" ಎಂದೆ.

"ಹೌದಲ್ವಾ" ಎಂದಳು, ಹುರುಳಿಕಾಯಿ ಬುಟ್ಟಿಯನ್ನೂ ಚಾಕುವನ್ನೂ ನನ್ನ ಮುಂದಿಟ್ಟು. "ಆ ಋತುಪರ್ಣನ ಹತ್ತಿರ ಕೆಲಸ ಕೇಳೋಕೆ ಹೋದಾಗಲೇ ಅವನು, ಅಡುಗೆನೂ ಬರುತ್ತೆ ಅಂತ ಹೇಳಿಕೊಂಡಿದ್ದ."