ಕುರ್ಚಿ ಹಾಕಿ ಹಿಡಿದ ಜಾಗ

ಕಾರ್ನರ್ ಸೈಟಿನ ಮೋಹ ಏಳು ಸಮುದ್ರ ದಾಟಿದರೂ ಕನ್ನಡಿಗರನ್ನು ಬಿಡುವುದಿಲ್ಲ. ದಾವಣಗೆರೆ ಕಡೆಯ ಸಾಫ್ಟ್‌ವೇರ್ ಇಂಜಿನಿಯರೊಬ್ಬರು ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿ ಹಳೆಯ ಮರದ ಮನೆ ಕೊಂಡಾಗ ಊರಿಗೆ ಫೋನ್ ಮಾಡಿ ಮೊದಲು ಹೇಳಿದ್ದು ಅದನ್ನೇ: ‘ಅಪ್ಪಾ, ಕಾರ್ನರ್! ಎರಡು ಕಡೆ ರಸ್ತೆ!’ ಆಗ ಜುಲೈ ತಿಂಗಳು. ಎರಡು ಕಡೆ ರಸ್ತೆ ಅಂದರೆ ಎರಡು ಕಡೆ ಫುಟ್‌ಪಾತ್ ಎನ್ನುವುದು ಅವರಿಗೆ ಹೊಳೆದದ್ದು 2015ರ ಜನವರಿಯ ಕೊನೆಯ ವಾರ, ಒಂದೇ ಬಿರುಗಾಳಿ ಊರಿನ ಮೇಲೆ ಎರಡಡಿ ಹಿಮ ಸುರಿದು ಹೋದ ಮೇಲೆ.

ಬಾಸ್ಟನ್ನಿನಲ್ಲಿ ಹಿಮ ಬೀಳುವುದು ನಿಂತ ಮೂರು ಗಂಟೆಯೊಳಗೆ ಮನೆಯ ಮಾಲೀಕರು ತಮ್ಮ ಮುಂದಿನ ಫುಟ್‌ಪಾತನ್ನು ಬಿಡಿಸಿಕೊಡಬೇಕು. ರಾತ್ರಿ ನಿಂತರೆ ಸೂರ್ಯೋದಯದಿಂದ ಲೆಕ್ಕ. ದಾರಿ ಕನಿಷ್ಠ 42 ಇಂಚು ಅಗಲ ಇರಬೇಕು, ಗಾಲಿಕುರ್ಚಿ ಹೋಗಬೇಕಲ್ಲ. ತೆಗೆದ ಹಿಮವನ್ನು ರಸ್ತೆಗೆ ಎಸೆದರೆ ದಂಡ. ಮತ್ತೆಲ್ಲಿಗೆ ಎಸೆಯುವುದು? ಅಂಗಳಕ್ಕೆ. ಅಂಗಳ ತುಂಬಿದ ಮೇಲೆ? ಅಲ್ಲಿಗೆ ಕಾನೂನು ಮೌನ ತಾಳುತ್ತದೆ.

ಸಿನಿಮಾ ಹಾಡುಗಳಲ್ಲಿ ನಾಯಕ ನಾಯಕಿಯ ಮೇಲೆ ಎರಚುವ ಹಿಮಕ್ಕೆ ತೂಕವೇ ಇರುವುದಿಲ್ಲ. ನಿಜವಾದ ಒದ್ದೆ ಹಿಮ ಒಂದು ಘನ ಅಡಿಗೆ ಒಂಬತ್ತು ಕಿಲೊವರೆಗೂ ತೂಗುತ್ತದೆ. ಕಲ್ಲುಪ್ಪು ಎರಚಿದರೆ ಐಸ್ ಕರಗುತ್ತದೆ, ಸರಿ. ಆದರೆ ಚಳಿ ಮೈನಸ್ ಒಂಬತ್ತು ಡಿಗ್ರಿಗಿಂತ ಕೆಳಗಿಳಿದರೆ ಉಪ್ಪೂ ಕೈಕಟ್ಟಿ ಕೂರುತ್ತದೆ. ಇಂಜಿನಿಯರು ಇದನ್ನೆಲ್ಲ ಓದಿಕೊಂಡಿದ್ದರು. ಓದಿದ್ದಕ್ಕೂ ಸೊಂಟಕ್ಕೂ ಸಂಬಂಧವಿಲ್ಲ. ಒಂದು ಬದಿಯ ಫುಟ್‌ಪಾತ್ ಮುಗಿಸಿ ಮೂಲೆ ತಿರುಗುವಷ್ಟರಲ್ಲಿ ನಗರಸಭೆಯ ಹಿಮ ತಳ್ಳುವ ಲಾರಿ ಬಂದು, ರಸ್ತೆಯಲ್ಲಿದ್ದುದನ್ನೆಲ್ಲ ಅಂಚಿಗೆ ಸರಿಸಿ, ಮುಂದೆ ಹೋಯಿತು. ಅಂಚಿನಲ್ಲಿ ಇದ್ದದ್ದು ಅವರ ಕಾರು.

ಕಾರು ಎಂದು ಈಗ ಅದನ್ನು ನಂಬಿಕೆಯ ಮೇಲೆ ಕರೆಯಬೇಕಿತ್ತು. ಸಲಿಕೆ ಹಿಡಿದು ಕಾರನ್ನು ಅಗೆದು ತೆಗೆಯಲು ಅರ್ಧ ದಿನ ಹಿಡಿಯಿತು. ನಡುವೆ ಅವರು ಬಹಳ ಶ್ರದ್ಧೆಯಿಂದ ಬಿಡಿಸಿದ್ದು ಪಕ್ಕದ ಮನೆಯವರ ಕಾರಿನ ಬಾನೆಟ್ಟು ಎಂಬ ವಿಷಯವನ್ನು ಇಲ್ಲಿ ವಿಸ್ತರಿಸುವುದು ಬೇಡ.

ಅಸಲಿ ಸಮಸ್ಯೆ ಶುರುವಾದದ್ದು ಕಾರು ಹೊರಬಂದ ಮೇಲೆ. ಹೊರಗೆ ಓಡಿಸಿದರೆ ಜಾಗ ಖಾಲಿಯಾಗುತ್ತದೆ. ಖಾಲಿಯಾದರೆ ಇನ್ನೊಬ್ಬ ಬಂದು ನಿಲ್ಲಿಸುತ್ತಾನೆ. ಸಾರ್ವಜನಿಕ ರಸ್ತೆಯೇ ನಿಜ, ಆದರೆ ಬೆವರು ಖಾಸಗಿಯದಲ್ಲವೇ! ಬಾಸ್ಟನ್ನಿನವರು ಇದಕ್ಕೆ ಕಂಡುಕೊಂಡ ದಾರಿ ನಮಗೆ ಹೊಸದೇನಲ್ಲ: ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ, ಖಾಲಿ ಜಾಗದ ನಡುವೆ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಷಿಕಾಗೊದಲ್ಲೂ ಪಿಟ್ಸ್‌ಬರ್ಗಿನಲ್ಲೂ ಇದೇ ರೂಢಿ. ಬಾಸ್ಟನ್ ಆಡಳಿತ ಟವೆಲ್ಲಿಗೆ ವಾಯಿದೆಯನ್ನೂ ಗೊತ್ತು ಮಾಡಿದೆ. ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಗಳ ತನಕ ಕುರ್ಚಿಗೆ ಮರ್ಯಾದೆ. ಆಮೇಲೆ ಅದು ಕಸ, ಕಸದ ಲಾರಿಯೇ ಬಂದು ಎತ್ತಿಕೊಂಡು ಹೋಗುತ್ತದೆ. ಸೌತ್ ಎಂಡ್ ಬಡಾವಣೆಯವರು ಮಾತ್ರ 2015ರಲ್ಲಿ ಈ ಪದ್ಧತಿಯೇ ಬೇಡ ಎಂದು ಹೊರಗುಳಿದರು. ಅವರದು ಸಭ್ಯರ ಬಡಾವಣೆ ಇರಬೇಕು.

ಡಾರ್ಚೆಸ್ಟರ್ ಹಾಗಲ್ಲ. ಆ ಬೀದಿಯಲ್ಲಿ ಆಗಲೇ ಒಂದು ಇಸ್ತ್ರಿ ಹಲಗೆ, ಒಂದು ಕೆಟ್ಟ ವ್ಯಾಕ್ಯೂಮ್ ಕ್ಲೀನರ್, ಎರಡು ಟ್ರಾಫಿಕ್ ಕೋನ್ ತಮ್ಮ ತಮ್ಮ ಯಜಮಾನರ ಪರವಾಗಿ ನಿಂತಿದ್ದವು. ಇಂಜಿನಿಯರು ಮನೆಯೊಳಗೆ ಹೋಗಿ ಅಭ್ಯರ್ಥಿಗಳ ಸಂದರ್ಶನ ಶುರು ಮಾಡಿದರು. ಊಟದ ಮೇಜಿನ ಕುರ್ಚಿಗೆ ಕೈ ಹಾಕುತ್ತಲೇ ಹೆಂಡತಿ, ‘ಅದು ಸೆಟ್ಟು ರೀ’ ಎಂದರು. ಪ್ಲಾಸ್ಟಿಕ್ ಬಕೆಟ್ಟು ಗಾಳಿಗೆ ಹಾರುತ್ತದೆ. ಮಗುವಿನ ಸೈಕಲ್ಲಿಗೆ ಮಗುವಿನ ಒಪ್ಪಿಗೆ ಇಲ್ಲ. ಅಡುಗೆಮನೆಯ ಮಣೆ ಇಟ್ಟರೆ ಗಾಂಭೀರ್ಯವೇನೋ ಬರುತ್ತದೆ, ಆದರೆ ಹಿಮದಲ್ಲಿ ಮುಳುಗಿಹೋಗುತ್ತದೆ. ಕೊನೆಗೆ ಅಟ್ಟದಿಂದ ಹಿಡಿ ಮುರಿದ ಐದು ಲೀಟರಿನ ಪ್ರೆಶರ್ ಕುಕ್ಕರ್ ಇಳಿಯಿತು. ಭಾರ ಇದೆ, ಗಟ್ಟಿ ಇದೆ, ಹೊಳೆಯುತ್ತದೆ. ಈ ಬೀದಿಯಲ್ಲಿ ಇನ್ನಾರ ಬಳಿಯೂ ಇರಲಾರದು! ಅವರು ಅದನ್ನು ವೆಯ್ಟ್ ಸಮೇತ ಜಾಗದ ಮಧ್ಯೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ನೋಡಿದರು. ಸ್ವಲ್ಪ ಎಡಕ್ಕಾಯಿತು ಅನ್ನಿಸಿ ಮತ್ತೆ ಸರಿಪಡಿಸಿದರು.

ಕಿಟಕಿಯಿಂದ ನೋಡಿದ ಹೆಂಡತಿ ಚಪ್ಪಲಿಯಲ್ಲೇ ಹಿಮಕ್ಕೆ ಓಡಿ ಬಂದರು. ‘ರೀ, ತಲೆ ಸರಿ ಇದೆಯಾ? ಬಾಸ್ಟನ್ನಿನಲ್ಲಿ, ರಸ್ತೆ ಮಧ್ಯೆ, ಕುಕ್ಕರ್ರಾ!’

ಬಾಸ್ಟನ್ ಮ್ಯಾರಥಾನಿನಲ್ಲಿ 2013ರ ಏಪ್ರಿಲ್ 15ರಂದು ಸಿಡಿದದ್ದು ಪ್ರೆಶರ್ ಕುಕ್ಕರ್ ಬಾಂಬುಗಳು. ಆ ಪ್ರಕರಣಕ್ಕೆ ಜ್ಯೂರಿ ಆಯ್ಕೆ ಅದೇ ಚಳಿಗಾಲದಲ್ಲಿ, ಅದೇ ಊರಿನಲ್ಲಿ, ಹಿಮದ ದೆಸೆಯಿಂದ ಮುಂದಕ್ಕೆ ಮುಂದಕ್ಕೆ ಹೋಗುತ್ತಾ ನಡೆದಿತ್ತು. ಕುಕ್ಕರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೆಂಡತಿ ಒಳಗೆ ಹೋದರು. ಹಿಂದೆಯೇ ಊಟದ ಮೇಜಿನ ಕುರ್ಚಿ ಹೊರಗೆ ಬಂತು. ಸೆಟ್ಟಿನ ಮಾತು ಮತ್ತೆ ಬರಲಿಲ್ಲ.

ಕುರ್ಚಿ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಯಾವ ಹಿಮವನ್ನೂ ಅಗೆಯದೆ, ಬೇರೆಯವರು ಅಗೆದ ಜಾಗಗಳನ್ನು ನಿಧಾನವಾಗಿ ಪರೀಕ್ಷಿಸುತ್ತಾ ಗಸ್ತು ತಿರುಗುವ ಒಂದು ಜಾತಿಯ ಚಾಲಕರು ಪ್ರತಿ ಊರಿನಲ್ಲೂ ಇದ್ದಾರೆ. ಅಂಥವರಿಗೂ ಅದು ಜಗ್ಗಲಿಲ್ಲ. ಜಗ್ಗಿದ್ದು ಕಸದ ಲಾರಿಗೆ ಮಾತ್ರ.

ಆ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ಒಟ್ಟು ಹಿಮ 110.6 ಇಂಚು, ಒಂಬತ್ತಡಿಗೂ ಮಿಗಿಲಾದ ದಾಖಲೆ. ಮಹಡಿ ಕಿಟಕಿಗಳಿಂದ ಹಿಮದ ರಾಶಿಗೆ ಹಾರುವ ಹುಚ್ಚು ಹಬ್ಬಿ, ದಯವಿಟ್ಟು ನಿಲ್ಲಿಸಿ ಎಂದು ಮೇಯರ್ ಮಾರ್ಟಿ ವಾಲ್ಶ್ ಬಹಿರಂಗವಾಗಿ ಕೇಳಿಕೊಂಡರು. ರಸ್ತೆಗಳಿಂದ ಎತ್ತಿದ ಹಿಮವನ್ನು ಬಂದರಿನ ಬಳಿಯ ಖಾಲಿ ನೆಲದಲ್ಲಿ ಗುಡ್ಡೆ ಹಾಕಿದ್ದರು. ಕರಿಮಣ್ಣು, ಕಸ ಬೆರೆತ ಆ ಗುಡ್ಡ ಪೂರ್ತಿ ಕರಗಿದ್ದು ಜುಲೈ 14ಕ್ಕೆ.

ನಗು ಬರದ ಸಂಗತಿಯೂ ಒಂದಿದೆ. ಇದಕ್ಕೆ ಎರಡು ವರ್ಷ ಮೊದಲು, 2013ರ ಫೆಬ್ರವರಿಯ ಬಿರುಗಾಳಿಯ ಮರುದಿನ, ಇದೇ ನಗರದಲ್ಲಿ ಒಬ್ಬ ತಂದೆ ಕಾರಿನ ಸುತ್ತಲಿನ ಹಿಮ ತೆಗೆಯುತ್ತಿದ್ದ. ಜೊತೆಗಿದ್ದ ಹನ್ನೊಂದು ವರ್ಷದ ಮಗನಿಗೆ ಚಳಿಯಾಯಿತು. ಎಂಜಿನ್ ಚಾಲೂ ಮಾಡಿ ಹುಡುಗನನ್ನು ಕಾರಿನೊಳಗೆ ಬೆಚ್ಚಗೆ ಕೂರಿಸಿದ. ಹಿಂದಿನ ಹೊಗೆಕೊಳವೆ ಹಿಮದಲ್ಲಿ ಹೂತಿತ್ತು. ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿತು, ಹುಡುಗ ಉಳಿಯಲಿಲ್ಲ. ಕಾರನ್ನು ಬಿಡಿಸುವಾಗ ಗಾಜು, ಬಾಗಿಲು, ಚಕ್ರ ಎಲ್ಲಕ್ಕಿಂತ ಮೊದಲು ಬಿಡಿಸಬೇಕಾದದ್ದು ಆ ಕೊಳವೆಯನ್ನು.

ಸಲಿಕೆಯೂ ಕಡಿಮೆಯದಲ್ಲ. ಅಮೆರಿಕದಲ್ಲಿ 1990ರಿಂದ 2006ರವರೆಗಿನ ಲೆಕ್ಕ ತೆಗೆದಾಗ, ಹಿಮ ಎತ್ತಲು ಹೋಗಿ ವರ್ಷಕ್ಕೆ ಸರಾಸರಿ 11,500 ಜನ ತುರ್ತು ಚಿಕಿತ್ಸೆಗೆ ಬಂದಿದ್ದರು. ಆ ಹದಿನೇಳು ವರ್ಷಗಳಲ್ಲಿ ಸತ್ತವರು 1,647. ಅಷ್ಟೂ ಜನ ಹೃದಯದ ತೊಂದರೆಯಿಂದ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ರಕ್ತದೊತ್ತಡ ಏರುತ್ತದೆ. ಹೃದ್ರೋಗದ ಅಪಾಯ ದಕ್ಷಿಣ ಏಷ್ಯಾದವರಲ್ಲಿ ಮೊದಲೇ ಹೆಚ್ಚು.

ಇಂಜಿನಿಯರರ ತಂದೆ ಮುಂದಿನ ಚಳಿಗಾಲಕ್ಕೆ ಬಂದರು. ಕಾರ್ನರ್ ಮನೆಯನ್ನು ನೋಡಿ ಸಂತೋಷಪಟ್ಟರು. ಮೊದಲ ಹಿಮ ಬಿದ್ದ ಬೆಳಿಗ್ಗೆ ಮಗ ಏಳುವ ಮುಂಚೆ ಎದ್ದು, ಮಂಕಿ ಕ್ಯಾಪ್ ಹಾಕಿ, ‘ನಾನೇನು ಸಲಿಕೆ ಕಾಣದೋನಾ?’ ಎಂದು ಬಾಗಿಲು ತೆರೆದರು. ಸೊಸೆ ಅಡ್ಡ ನಿಂತು, ‘ಮಾವಾ, ಕಾಫಿ ಆರುತ್ತೆ’ ಎಂದು ಒಳಗೆ ಕೂರಿಸಿದರು.

ಈ ಚಳಿಗಾಲದಲ್ಲಿ ಮಕ್ಕಳ ಮನೆಗೆಂದು ಆ ಕಡೆ ವಿಮಾನ ಹತ್ತುವ ಹಿರಿಯರೇ, ಹಪ್ಪಳ ಸಂಡಿಗೆ ಎಷ್ಟು ಬೇಕಾದರೂ ಒಯ್ಯಿರಿ. ಸಲಿಕೆ ಮಾತ್ರ ಮುಟ್ಟಬೇಡಿ.